ಕತ್ತರಿಗೆ ಹೆದರುವ ದರ್ಜಿ

ಪಾಂಟಿಫ್ರಾಕ್ಟ್ ಊರಿನ ಪೇಟೆಬೀದಿಯಲ್ಲಿ ಜೇಬೆಜ್ ಥ್ಯಾಕ್ರೇ ಎಂಬ ದರ್ಜಿ ಇದ್ದ. ಹೆಸರಿನಲ್ಲೇ ಜೇಬು ಇಟ್ಟುಕೊಂಡು ಹುಟ್ಟಿದವನು ದರ್ಜಿಯಾಗದೆ ಇನ್ನೇನಾದಾನು? ಅವನ ಕೈಯಲ್ಲಿ ಕೋಟು ಹೊಲಿಸಿಕೊಂಡವರು ಹೇಳುತ್ತಿದ್ದದ್ದು ಒಂದೇ ಮಾತು: ಈ ಮನುಷ್ಯ ಬಟ್ಟೆ ಕತ್ತರಿಸುವುದಕ್ಕಿಂತ ಕತ್ತರಿಸದೆ ಬಿಡುವುದರಲ್ಲೇ ಗಟ್ಟಿಗ. ಬೇರೆ ದರ್ಜಿಗಳು ಹೊಲಿಗೆಯ ಒಳಗಡೆ ಅರ್ಧ ಬೆರಳಿನಷ್ಟು ಬಟ್ಟೆ ಬಿಟ್ಟರೆ ಇವನು ಒಂದೂವರೆ ಬೆರಳು ಬಿಡುತ್ತಿದ್ದ.

"ಇಷ್ಟೊಂದು ಬಟ್ಟೆ ಒಳಗಡೆ ಯಾಕಯ್ಯಾ ಕೊಳೆ ಹಾಕ್ತೀಯ?" ಎಂದು ಗಿರಾಕಿ ರೇಗಿದರೆ ಇವನ ಉತ್ತರ ಸಿದ್ಧವಾಗಿರುತ್ತಿತ್ತು.

"ನಾಳೆ ನೀನು ದಪ್ಪ ಆಗ್ತೀಯ. ನಾಡಿದ್ದು ನಿನ್ನ ಮಗ ಹಾಕ್ಕೋತಾನೆ. ಮುತ್ತು ಒಡೆದ್ರೆ ಹೋಯ್ತು, ಬಟ್ಟೆ ಕತ್ತರಿಸಿದ್ರೆ ಹೋಯ್ತು."

ಇಂಥವನಿಗೆ ಊರು 'ಕತ್ತರಿಗೆ ಹೆದರುವ ದರ್ಜಿ' ಎಂದು ಹೆಸರಿಟ್ಟಿತು. ಹೆಸರು ಬಂದದ್ದು ಕೋಟಿನಿಂದಲ್ಲ, ಅಂಚೆಚೀಟಿಯಿಂದ. ಹೆದರಿಕೆ ಎಂಬ ಮಾತಿಗೂ ಜೇಬೆಜ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಅವನನ್ನು ಬಲ್ಲವರಿಗೆಲ್ಲ ಗೊತ್ತಿತ್ತು. ಅವನ ಅಪ್ಪ ಜ್ಯೇಷ್ಠಮಧುವಿನ ಬೇರು ಅಗೆಯುವವನು. ಆಳುದ್ದಕ್ಕೆ ಇಳಿಯುವ ಬೇರು ಅದು. ಅಪ್ಪ, ಅಜ್ಜ ಇಬ್ಬರೂ ಆ ಗುಂಡಿಗಳಲ್ಲೇ ಬೆನ್ನು ಮುರಿದುಕೊಂಡಿದ್ದರು. ಮಗನೂ ಇಳಿಯಲಿ ಎಂದು ಅಪ್ಪ ಸನಿಕೆ ಕೊಟ್ಟ ದಿನ ಅದನ್ನು ಗೋಡೆಗೆ ಒರಗಿಸಿಟ್ಟು, "ನಂಗೆ ಸೂಜಿ ಸಾಕು" ಎಂದು ಲೀಡ್ಸ್ ಪಟ್ಟಣದ ದಾರಿ ಹಿಡಿದವನು ಜೇಬೆಜ್. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ನೆರೆಯವರು ಆಡಿಕೊಂಡರು. ಪೋರ ತಿರುಗಿ ನೋಡಲಿಲ್ಲ.

ಅವನು ಲೀಡ್ಸಿನಲ್ಲಿ ಕೆಲಸ ಕಲಿಯುತ್ತಿದ್ದಾಗಲೇ ರಾಣಿಯ ತಲೆಯ ಚಿತ್ರವಿದ್ದ ಒಂದು ಪೆನ್ನಿಯ ಕಪ್ಪು ಅಂಚೆಚೀಟಿ ಬಂತು. ಅದಕ್ಕೂ ಮುಂಚೆ ಕಾಗದ ಬಂದರೆ ಪಡೆದವನೇ ದುಡ್ಡು ತೆರಬೇಕಿತ್ತು. ಹಾಗಾಗಿ ಬಡವರಿಗೆ ಕಾಗದ ಬರೆಯುವುದೆಂದರೆ ಶತ್ರುಗಳು ಮಾಡುವ ಕೆಲಸವಾಗಿತ್ತು. ಈಗ ಬರೆಯುವವರೇ ಒಂದು ರಾಣಿತಲೆ ಅಂಟಿಸಿಬಿಟ್ಟರೆ ಮುಗಿಯಿತು. ಆ ರಾಣಿತಲೆಗಳು ದೊಡ್ಡ ಹಾಳೆಯಲ್ಲಿ ಸಾಲುಸಾಲಾಗಿ ಬರುತ್ತಿದ್ದವು. ಹರಿದುಕೊಳ್ಳಲು ಈಗಿನಂತೆ ತೂತುಗಳ ಸಾಲು ಇರಲಿಲ್ಲ. ಬೇಕಾದಷ್ಟನ್ನು ಅವರವರೇ ಕತ್ತರಿಯಿಂದ ಕತ್ತರಿಸಿಕೊಳ್ಳಬೇಕಿತ್ತು. ಈ ಒಂದು ವಿಷಯ ನೆನಪಿಡಬೇಕು. ಜೇಬೆಜ್‌ನ ಬದುಕಿನ ಹಠವೆಲ್ಲ ಇದರ ಮೇಲೆ ನಿಂತಿದೆ.

ಅವನಿಗೆ ಕಾಗದ ಬರೆಯುತ್ತಿದ್ದವಳು ಕೆಜಾಯಾ. ಊರಿನ ಮಿಠಾಯಿ ಕಾರ್ಖಾನೆಯಲ್ಲಿ ಜ್ಯೇಷ್ಠಮಧುವಿನ ಕಪ್ಪು ಬಿಲ್ಲೆಗಳ ಮೇಲೆ ಕೋಟೆಯ ಮುದ್ರೆ ಒತ್ತುವ ಹುಡುಗಿ. ಎಡಚಿ. ಅವಳು ಒತ್ತಿದ ಬಿಲ್ಲೆಯಲ್ಲಿ ಕೋಟೆ ಒಂದು ಚೂರು ಎಡಕ್ಕೆ ವಾಲಿರುತ್ತಿತ್ತು. "ಇದು ಕೆಜಾಯಾಳ ಕೋಟೆ, ಗಾಳಿ ಬಂದ್ರೆ ಬೀಳುತ್ತೆ" ಎಂದು ಜೊತೆಯ ಹುಡುಗಿಯರು ನಗುತ್ತಿದ್ದರು.

ಅವಳಿಗೆ ಓದುಬರಹ ಕಲಿಸಿದವಳು ಮಿಸ್ ಇಬಟ್‌ಸನ್ ಎಂಬ ಮುದುಕಿ, ತನ್ನ ಅಡುಗೆಮನೆಯನ್ನೇ ಶಾಲೆ ಮಾಡಿಕೊಂಡಿದ್ದವಳು. ಎಡಗೈಯಲ್ಲಿ ಬರೆಯುವುದು ದೆವ್ವದ ಬರಹ ಎಂದು ಆ ಪುಣ್ಯಾತ್ಮಳ ನಂಬಿಕೆ. ಏಪ್ರನ್ ದಾರದಿಂದ ಕೆಜಾಯಾಳ ಎಡಗೈಯನ್ನು ಬೆನ್ನಿಗೆ ಕಟ್ಟಿ, ಬಲಗೈಗೆ ಬಳಪ ಕೊಟ್ಟು, ಅಕ್ಷರ ಡೊಂಕಾದಾಗಲೆಲ್ಲ ಗೆಣ್ಣಿಗೆ ಬಾರಿಸಿದಳು. ಬಾರಿಸಿ ಬಾರಿಸಿ ಕೊನೆಗೂ ಗೆದ್ದಳು. ಕೆಜಾಯಾಳ ಬಲಗೈ ಬರಹ ಅಚ್ಚಿನ ಹಾಗೆ ದುಂಡಗಾಯಿತು. ಆ ಊರಿನಲ್ಲಿ ಅವಳ ವಾರಿಗೆಯ ಎಲ್ಲ ಹೆಂಗಸರ ಬರಹವೂ ಹಾಗೇ ಇದೆ, ಯಾರ ಕಾಗದ ಯಾರದೆಂದು ಹೇಳುವುದಕ್ಕೇ ಆಗುವುದಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಬರಹವೊಂದನ್ನು ಬಿಟ್ಟು ಮಿಕ್ಕೆಲ್ಲ ಕೆಲಸವನ್ನೂ ಅವಳು ಎಡಗೈಯಲ್ಲೇ ಮಾಡುತ್ತಿದ್ದಳು. ಕತ್ತರಿಯನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದಳು.

ಬಲಗೈಯವರಿಗೆಂದೇ ಮಾಡಿದ ಕತ್ತರಿ ಎಡಗೈಗೆ ಸಿಕ್ಕರೆ ಕಾಗದವನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಕೆಜಾಯಾ ಅಂಟಿಸಿದ ರಾಣಿತಲೆಯ ಸುತ್ತ ಬಿಳಿಯ ಅಂಚು ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಉದ್ದಕ್ಕೂ ಇಲಿ ಕಡಿದಂತೆ. ಲೀಡ್ಸಿನ ಅಟ್ಟದ ಕೋಣೆಯಲ್ಲಿ ಕೂತು ಜೇಬೆಜ್ ಆ ಕಾಗದಗಳನ್ನು ಓದುತ್ತಿದ್ದ. ಒಳಗಿನ ದುಂಡು ಅಕ್ಷರಗಳಲ್ಲಿ ಹವಾಮಾನ ಇರುತ್ತಿತ್ತು, ಸೋದರತ್ತೆಯ ಕೆಮ್ಮು ಇರುತ್ತಿತ್ತು, ಚರ್ಚಿನಲ್ಲಿ ಹೇಳಿದ ಉಪದೇಶ ಇರುತ್ತಿತ್ತು, ಕೆಜಾಯಾ ಮಾತ್ರ ಇರುತ್ತಿರಲಿಲ್ಲ. ಅವಳು ಇರುತ್ತಿದ್ದದ್ದು ಹೊರಗೆ, ಚೀಟಿಯ ಅಂಚಿನಲ್ಲಿ. ಅಕ್ಷರ ಮಿಸ್ ಇಬಟ್‌ಸನ್‌ಳದು, ಅಂಚು ಕೆಜಾಯಾಳದು. ಅವನು ಕಾಗದ ಬಿಚ್ಚುವ ಮೊದಲು ಆ ಹರಕು ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ಕೆಲಸ ಕಲಿತು ಊರಿಗೆ ಮರಳಿ ಅವಳನ್ನು ಮದುವೆಯಾದ ಮೇಲೆ, "ನಾನೇ ಬಂದಿದೀನಲ್ಲ, ಇನ್ನು ಈ ಕಾಗದಗಳ್ಯಾಕೆ?" ಎಂದು ಅವಳು ಎಲ್ಲವನ್ನೂ ಒಲೆಗೆ ಹಾಕಿದಳು. ಚೀಟಿಗಳನ್ನು ಮಾತ್ರ ಅವನು ಮೊದಲೇ ನೀರಲ್ಲಿ ನೆನೆಸಿ ಬಿಡಿಸಿಟ್ಟುಕೊಂಡಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವನ ಬಾಯಿ ಊರಿನವರ ಮುಂದೆ ಎಷ್ಟು ಜೋರೋ ಹೆಂಡತಿಯ ಮುಂದೆ ಅಷ್ಟೇ ಮೂಕ.

ಅಲ್ಲಿಂದ ಶುರುವಾದ ಹುಚ್ಚು. ದರ್ಜಿಯ ಅಂಗಡಿಗೆ ಬರುವ ಹಳೇ ಕೋಟುಗಳ ಜೇಬಿನಲ್ಲಿ ಹಳೇ ಕಾಗದಗಳು ಇದ್ದೇ ಇರುತ್ತವೆ. ಜೇಬೆಜ್ ಅವನ್ನು ಓದುತ್ತಿರಲಿಲ್ಲ, ವಾಪಸು ಕೊಟ್ಟು ಚೀಟಿಯನ್ನು ಕೇಳಿ ಇಸಿದುಕೊಳ್ಳುತ್ತಿದ್ದ. ಅಂಟಿಸಿ, ಮುದ್ರೆ ಹೊಡೆದು, ಕೆಲಸ ಮುಗಿದ ಚೀಟಿ ಯಾರಿಗೆ ಬೇಕು? ಎಲ್ಲರೂ ಕೊಟ್ಟರು. ಅವನಿಗೆ ರಾಣಿಯ ಮುಖದ ಮೇಲೆ ಆಸೆಯಿರಲಿಲ್ಲ. ಮುಖ ಎಲ್ಲದರಲ್ಲೂ ಒಂದೇ. ಅವನು ಕೂಡಿಹಾಕಿದ್ದು ಅಂಚುಗಳನ್ನು. ಮೇಣದಬತ್ತಿ ಮಾರುತ್ತಿದ್ದ ಮುದುಕ ರಾಣಿಯ ಕೊರಳಿಗೇ ಕತ್ತರಿ ಹೋಗುವಷ್ಟು ಒತ್ತಿ ಕತ್ತರಿಸುತ್ತಿದ್ದ, ಬಿಳಿ ಕಾಗದಕ್ಕೂ ಎಲ್ಲಿ ದುಡ್ಡು ಕೇಳುತ್ತಾರೋ ಎಂಬಂತೆ. ಶಾಲೆಯ ಮೇಷ್ಟ್ರದು ಪಟ್ಟಿ ಇಟ್ಟು ಚಾಕುವಿನಲ್ಲಿ ಕೊಯ್ದದ್ದು. ಹಂದಿಮಾಂಸ ಮಾರುವ ಸೇತ್ ವರ್ಮಲ್ಡ್‌ನ ತಾಯಿ ಕತ್ತರಿಯೇ ಇಲ್ಲದೆ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಳು. ಎಲ್ಲವೂ ಪೆಟ್ಟಿಗೆ ಸೇರಿದವು. ಅಂಚೆಯಲ್ಲಿ ಇರುವುದೆಲ್ಲ ಅಂಚಿನಲ್ಲೇ ಎಂದು ಅವನ ಲೆಕ್ಕ. ಆಮೇಲೆ ಒಂದು ವರ್ಷ ತೂತು ಹೊಡೆದ ಚೀಟಿ ಬಂತು. ಯಾರು ಹರಿದರೂ ಒಂದೇ ಹಲ್ಲು, ಒಂದೇ ಸಾಲು. ಜೇಬೆಜ್ ಅಂದೇ ಸಂಗ್ರಹ ನಿಲ್ಲಿಸಿ ಪೆಟ್ಟಿಗೆ ಮುಚ್ಚಿದ.

ಪೆಟ್ಟಿಗೆ ಮುಚ್ಚಿ ಎಷ್ಟೋ ವರ್ಷವಾದ ಮೇಲೆ ಲಂಡನ್ನಿನಿಂದ ಹೊಸ ಗೀಳು ಊರಿಗೆ ಬಂತು. ಈಗ ದೊಡ್ಡಮನುಷ್ಯರೂ ಹಳೇ ಚೀಟಿ ಕೂಡಿಸತೊಡಗಿದ್ದರು. ಬ್ಯಾಂಕಿನ ಗುಮಾಸ್ತ ಎಡ್ಗರ್ ಹಾರ್ಸ್‌ಫಾಲ್ ಒಂದು ಸಂಘವನ್ನೇ ಕಟ್ಟಿದ. ಜೇಬೆಜ್‌ಗಿಂತ ಹದಿನೈದು ವರ್ಷ ಚಿಕ್ಕವನು, ಇಸ್ತ್ರಿ ಹಾಕಿದ ಹಾಗೆ ಮಾತಾಡುವವನು. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ಪುರಭವನದಲ್ಲಿ ಚೀಟಿಗಳ ಪ್ರದರ್ಶನ ಮಾಡಬೇಕು ಎಂದು ಸಂಘ ತೀರ್ಮಾನಿಸಿತು. ಹಾರ್ಸ್‌ಫಾಲ್ ಕಂಕುಳಲ್ಲಿ ಒಂದು ದಪ್ಪ ಪುಸ್ತಕ ಇಟ್ಟುಕೊಂಡು ಅಂಗಡಿಗೆ ಬಂದ.

"ಥ್ಯಾಕ್ರೇ, ಊರಲ್ಲಿ ಮೊದಲನೇ ವರ್ಷದಿಂದ ಚೀಟಿ ಇಟ್ಟಿರೋನು ನೀನೊಬ್ಬನೇ ಅಂತ ಕೇಳಿದೆ. ಪುರಭವನದ ಮುಂದಿನ ಮೇಜು ನಿನಗೇ. ಸಂಘದಲ್ಲಿ ನಮ್ಮ ಜೊತೆ ಕುರ್ಚಿನೂ ಕೊಡ್ತೀವಿ."

ಒಳಮನೆಗೂ ಅಂಗಡಿಗೂ ನಡುವೆ ಒಂದು ಪರದೆ. ಅದರ ಹಿಂದೆ ಕೆಜಾಯಾ ಗುಂಡಿ ಹೊಲಿಯುತ್ತಾ ಕೂತಿದ್ದಳು. ಕುರ್ಚಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳ ಸೂಜಿ ನಿಂತಿತು. ಇಪ್ಪತ್ತು ವರ್ಷ ಗಂಡ ಆ ದೊಡ್ಡಮನುಷ್ಯರ ಮುಂದೆ ಮಂಡಿಯೂರಿ ಷರಾಯಿಯ ಅಳತೆ ತೆಗೆದದ್ದನ್ನು ನೋಡಿದವಳು ಅವಳು. ಅವರ ಪಕ್ಕದಲ್ಲಿ ಅವನು ಕುರ್ಚಿಯಲ್ಲಿ ಕೂರುವುದನ್ನು ಒಮ್ಮೆಯಾದರೂ ನೋಡಬೇಕೆಂದು ಅವಳಿಗೆ ಆಸೆಯಾಯಿತು.

ಹಾರ್ಸ್‌ಫಾಲ್ ಪುಸ್ತಕ ಬಿಡಿಸಿದ. ಪುಟದ ತುಂಬ ಅಚ್ಚುಹಾಕಿದ ಚೌಕಗಳು, ಒಂದೊಂದು ಚೌಕಕ್ಕೆ ಒಂದೊಂದು ಚೀಟಿ. ಚೌಕ ಸರಿಯಾಗಿ ಚಿತ್ರದಷ್ಟೇ ಇತ್ತು.

"ಅಂಚು ಎಲ್ಲಿ ಕೂರುತ್ತೆ ಇದರಲ್ಲಿ?" ಎಂದ ಜೇಬೆಜ್.

"ಅಂಚು ಯಾಕೆ? ಅದನ್ನ ಕತ್ತರಿಸಿ ತೆಗೆಯೋದು. ತೂತಿನ ಚೀಟಿಗೂ ಹಲ್ಲು ತೆಗೆದೇ ಅಂಟಿಸ್ತೀವಿ. ಎಲ್ಲಾ ಕಡೆ ಹಾಗೇ ಮಾಡೋದು. ನೋಡೋಕೆ ಲಕ್ಷಣ."

ಇದನ್ನು ಹಾರ್ಸ್‌ಫಾಲ್ ಒಬ್ಬನ ಮೂರ್ಖತನ ಎಂದುಕೊಳ್ಳಬೇಡಿ. ಆ ಕಾಲದಲ್ಲಿ ಮರ್ಯಾದಸ್ಥರು ಬಹಳ ಮಂದಿ ಹಾಗೇ ಮಾಡುತ್ತಿದ್ದರು. ಸಂಜೆ ಚಹಾ ಕುಡಿದು, ಕೈ ತೊಳೆದು, ದೀಪದ ಕೆಳಗೆ ಕೂತು, ಎಳೇ ಮಕ್ಕಳ ಉಗುರು ತೆಗೆದಷ್ಟು ಅಕ್ಕರೆಯಿಂದ ಹಳೇ ಚೀಟಿಗಳ ಸುತ್ತಲೂ ಕೊಯ್ಯುತ್ತಿದ್ದರು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಇಲ್ಲಿ ಮೂಗುತಿಗಾಗಿ ಮೂಗನ್ನೇ ಸವರುತ್ತಿದ್ದರು.

"ನಾನು ಕತ್ತರಿಸಲ್ಲ," ಎಂದ ಜೇಬೆಜ್.

"ದರ್ಜಿ ಕಣಯ್ಯಾ ನೀನು! ಕತ್ತರಿಗೆ ಹೆದರ್ತೀಯ?"

"ಅಂಗಿ ಮೈಗೆ ಆಗದಿದ್ರೆ ಅಂಗಿ ಬಿಚ್ಚಿ ಹೊಲೀತೀನಿ ಮಿಸ್ಟರ್ ಹಾರ್ಸ್‌ಫಾಲ್. ಮೈ ಕೊಯ್ಯಲ್ಲ. ಚೌಕ ಚಿಕ್ಕದಾದ್ರೆ ಅದು ಚೌಕದ ತಪ್ಪು."

ಹಾರ್ಸ್‌ಫಾಲ್ ನಕ್ಕು ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಮೇಲುಗಡೆಯೇ ಇದ್ದವು ಕೆಜಾಯಾಳ ಚೀಟಿಗಳು. ಒಂದನ್ನು ಉಗುರ ತುದಿಯಲ್ಲಿ ಎತ್ತಿ ಹಿಡಿದ.

"ಅಯ್ಯೋ ದೇವರೇ! ಇದನ್ನ ಯಾರು ಕತ್ತರಿಸಿದ್ದು? ಹಂದಿ ಏನಾದ್ರೂ ಅಗಿದು ಉಗೀತಾ? ಬೇರೆಯವೆಲ್ಲ ಹಾಗಿರಲಿ, ಇವನ್ನಂತೂ ಸವರಲೇಬೇಕು. ಇವನ್ನ ಹೀಗೇ ಇಟ್ರೆ ನಗೋದು ನಮ್ಮನ್ನಲ್ಲ ಥ್ಯಾಕ್ರೇ, ನಿನ್ನನ್ನ."

ಜೇಬೆಜ್‌ನ ಕಿವಿ ಕೆಂಪಾಯಿತು. ಬೇರೆ ಯಾರ ಚೀಟಿಯ ಮಾತು ಬಂದಿದ್ದರೂ ಅವನು ಅಂಗಡಿ ಹಾರಿಹೋಗುವಂತೆ ಗುಡುಗುತ್ತಿದ್ದ. ಆದರೆ ಪರದೆಯ ಹಿಂದೆ ಅವಳಿದ್ದಳು. "ಇದು ನನ್ನ ಹೆಂಡತಿ ಕತ್ತರಿಸಿದ್ದು" ಎಂದರೆ ಅವಳ ಮಾನ ಬೀದಿಗೆ ಬರುತ್ತದೆ ಎಂದುಕೊಂಡು ಅವನು ತುಟಿ ಕಚ್ಚಿ ಸುಮ್ಮನಾದ. ಪರದೆಯ ಹಿಂದೆ ಕೆಜಾಯಾ ಕಾಯುತ್ತಿದ್ದಳು, ಈಗ ಏನಾದರೂ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು. ಅವನು ಬಾಯಿ ಬಿಡಲಿಲ್ಲ.

ಹಾರ್ಸ್‌ಫಾಲ್ ಪುಸ್ತಕವನ್ನು ಅಲ್ಲೇ ಬಿಟ್ಟು, "ಯೋಚನೆ ಮಾಡು, ಶನಿವಾರಕ್ಕೆ ತಗೊಂಡು ಬಾ" ಎಂದು ಹೋದ. ಸಂಜೆಯೊಳಗೆ ಹೊಸ ಹೆಸರು ಪೇಟೆಬೀದಿಯ ಬಾಯಲ್ಲಿತ್ತು. ಎದುರಂಗಡಿಯ ಸೇತ್ ವರ್ಮಲ್ಡ್‌ಗಂತೂ ಹಬ್ಬ.

"ಏನ್ ಜೇಬೆಜ್, ಕತ್ತರಿ ನೋಡಿದ್ರೆ ಜ್ವರ ಬರುತ್ತಂತೆ? ನನ್ನ ಮಾಂಸದ ಮಚ್ಚು ಬೇಕಾದ್ರೆ ಕೊಡ್ತೀನಿ, ಅದರಲ್ಲಿ ಹೊಲಿ!"

"ನಿನ್ನ ಮಚ್ಚು ನಿನ್ನ ನಾಲಿಗೆಗಿಂತ ಮೊಂಡು ಸೇತ್. ನೀನೇ ಇಟ್ಕೋ."

"ಹೋಗ್ಲಿ, ಒಂದಿಷ್ಟು ಸವರಿದ್ರೆ ಗಂಟೇನ್ ಹೋಗುತ್ತೆ? ಬಿಳೀ ಕಾಗದ ತಾನೇ?"

"ಗಂಟು ಹೋಗಲ್ಲ. ನಿಮ್ಮಮ್ಮನ ಹಲ್ಲು ಹೋಗುತ್ತೆ."

ಸೇತ್‌ಗೆ ಅರ್ಥವಾಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ ಎಂದು ತಲೆಯಾಡಿಸಿ ಅಂಗಡಿ ಬಾಗಿಲು ಹಾಕಿದ.

ಗುರುವಾರ ಜೇಬೆಜ್ ಉಣ್ಣೆಬಟ್ಟೆ ತರಲು ವೇಕ್‌ಫೀಲ್ಡಿಗೆ ಹೋದ. ಬಟ್ಟೆ ಬೇಗ ಸಿಕ್ಕಿತು, ಹೊತ್ತು ಮುಳುಗುವ ಮುಂಚೆಯೇ ಮರಳಿದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಪರದೆ ಸರಿಸಿದರೆ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು ಕೆಜಾಯಾ ಕೂತಿದ್ದಳು. ಮುಂದೆ ಪೆಟ್ಟಿಗೆ ತೆರೆದಿತ್ತು. ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಎದುರಿಗೆ ಮಿಸ್ ಇಬಟ್‌ಸನ್‌ಳೇ ನಿಂತಿದ್ದಾಳೋ ಎಂಬಂತೆ ಬೆನ್ನು ನೆಟ್ಟಗೆ ಮಾಡಿಕೊಂಡು, ಅವಳು ಚೀಟಿಯ ಅಂಚು ಕತ್ತರಿಸುತ್ತಿದ್ದಳು. ಕತ್ತರಿ ಅವಳ ಬಲಗೈಯಲ್ಲಿತ್ತು.

ಜೇಬೆಜ್‌ಗೆ ಮೊದಲು ಕಂಡದ್ದು ಚೀಟಿಯಲ್ಲ, ಆ ಬಲಗೈ. ಎಡಗೈಯನ್ನು ಅವಳು ಮಡಿಲಲ್ಲಿ ಏಪ್ರನ್ ಒಳಗೆ ಮುಚ್ಚಿಟ್ಟುಕೊಂಡಿದ್ದಳು.

"ಯಾರೇ ಕಟ್ಟಿದ್ದು ನಿನ್ನ ಎಡಗೈನ?" ಎಂದ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ.

ಕೆಜಾಯಾ ಬೆಚ್ಚಿ ಕತ್ತರಿ ಕೆಳಗಿಟ್ಟಳು. "ಬೇರೆಯವರದ್ದು ಒಂದೂ ಮುಟ್ಟಿಲ್ಲ ಮಾರಾಯ. ಅವು ಅವರವರ ಮಾನ. ನಂದು ಮಾತ್ರ ಕತ್ತರಿಸ್ದೆ. ಅವೇ ಅಲ್ವಾ ಕೆಟ್ಟದಾಗಿದ್ದಿದ್ದು? ಅವು ಸರಿ ಹೋದ್ರೆ ನಿಂಗೆ ಕುರ್ಚಿ ಸಿಗುತ್ತೆ."

ಒಲೆಯ ಪಕ್ಕದ ಬೂದಿಯಲ್ಲಿ ಬಿಳಿಯ ಚೂರುಗಳ ಕರಕಲಾದ ತುದಿಗಳಿದ್ದವು. ಮೇಜಿನ ಮೇಲೆ ರಾಣಿತಲೆಗಳು ಸಾಲಾಗಿ ಬಿದ್ದಿದ್ದವು, ಎಲ್ಲವೂ ಒಂದೇ ಅಳತೆ, ಒಂದೇ ಮುಖ. ಹರಕು ಅಂಚಿನವು ಮೂರು ಮಾತ್ರ ಉಳಿದಿದ್ದವು.

"ನಾನ್ ಕೇಳಿದ್ದು ಅದಲ್ಲ. ಯಾರು ಕಟ್ಟಿದ್ದು?"

"ನೀನೇ ಕಟ್ಟಿದ್ದು!" ಅವಳು ಎದ್ದು ನಿಂತಳು. ಕಣ್ಣು ತುಂಬಿದ್ದರೂ ಮಾತು ಮೆತ್ತಗಾಗಲಿಲ್ಲ. "ಆ ಮನುಷ್ಯ ಹಂದಿ ಅಗಿದಿದ್ದು ಅಂದಾಗ ಸುಮ್ನೆ ನಿಂತಿದ್ಯಲ್ಲ. ಊರಿಗೆಲ್ಲ ಗುಡುಗೋನು, ನನ್ನ ಮಾತು ಬಂದಾಗ ಒಂದು ಉಸಿರು ಬಿಡಲಿಲ್ಲ. ನಾಚಿಕೆ ಆಯ್ತು ತಾನೇ ನಿಂಗೆ? ನಂಗೂ ಆಯ್ತು. ಅದಕ್ಕೇ ಕತ್ತರಿಸ್ದೆ."

ಜೇಬೆಜ್ ಮೇಜಿನ ಎದುರು ಕೂತ. ಇಪ್ಪತ್ತು ವರ್ಷ ಹೇಳದೆ ಇಟ್ಟುಕೊಂಡದ್ದನ್ನು ಈಗ ಹೇಳಬೇಕಿತ್ತು. ಹೇಳುವ ಅಭ್ಯಾಸವೇ ಇಲ್ಲದವನಿಗೆ ಅದು ಬೇರು ಅಗೆದಷ್ಟೇ ಕಷ್ಟವಾಯಿತು.

"ಹುಡುಗಿ," ಎಂದ. ಅವರಿಬ್ಬರ ತಲೆಯೂ ನರೆಯುತ್ತಿದ್ದರೂ ಅವನು ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. "ನಿನ್ನ ಕಾಗದದಲ್ಲಿ ಅಕ್ಷರ ಎಲ್ಲಾ ಆ ಮುದುಕೀದು. ಅಂಚೊಂದೇ ನಿಂದು. ಲೀಡ್ಸಲ್ಲಿ ಮೂರು ವರ್ಷ ನಾನು ಅದನ್ನ ನೋಡ್ಕೊಂಡೇ ಬದುಕಿದ್ದು. ಈ ಪೆಟ್ಟಿಗೇಲಿ ಮಿಕ್ಕಿದ್ದೆಲ್ಲ ಅದರಿಂದ ಹುಟ್ಟಿದ್ದು. ನಾಚಿಕೆ ಅಲ್ಲ ಕಣೇ. ಹೆಸರು ಹೇಳಿದ್ರೆ ನಿನ್ನನ್ನ ನಗ್ತಾರಲ್ಲ ಅಂತ ಸುಮ್ಮನಿದ್ದೆ. ತಪ್ಪಾಯ್ತು."

ಕೆಜಾಯಾ ಉಳಿದ ಮೂರು ಚೀಟಿಗಳನ್ನು ಪಕ್ಕಕ್ಕೆ ಸರಿಸಿಟ್ಟಳು. ಆಮೇಲೆ ಅಳತೊಡಗಿದಳು, ದೊಡ್ಡ ದನಿಯಲ್ಲಿ, ಸತ್ತ ಮನೆಯಲ್ಲಿ ಅಳುವ ಹಾಗೆ. ಅವನಿಗೂ ದುಃಖ ತಡೆಯಲಿಲ್ಲ. ಸುಟ್ಟದ್ದು ಸುಟ್ಟುಹೋಗಿತ್ತು. ಹೊಸದಾಗಿ ಕತ್ತರಿಸಿ ಕೊಡು ಅನ್ನೋಣವೆಂದರೆ ಅಂಚೆಕಚೇರಿಯಲ್ಲಿ ಈಗ ಸಿಗುವುದು ತೂತಿನ ಚೀಟಿ, ಅದಕ್ಕೆ ಕತ್ತರಿಯೇ ಬೇಡ.

"ಶನಿವಾರ ಹೋಗೋದು ಬೇಡ. ಪುಸ್ತಕ ವಾಪಸ್ ಕೊಟ್ಟುಬಿಡ್ತೀನಿ," ಎಂದ ಜೇಬೆಜ್.

ಕೆಜಾಯಾ ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು. "ಯಾಕೆ ಬೇಡ? ಹೋಗೋಣ. ಪೆಟ್ಟಿಗೆ ನಾನ್ ಹೊತ್ಕೋತೀನಿ. ಎಡಗೈಲಿ."

ಶನಿವಾರ ಪುರಭವನದಲ್ಲಿ ಟೋಪಿ, ಶಾಲು, ಬೂಟುಗಳ ಜಾತ್ರೆಯೇ ನೆರೆದಿತ್ತು. ಸೇತ್ ಕೂಡ ಹೊಸ ಕೊರಳಪಟ್ಟಿ ಹಾಕಿಕೊಂಡು ಬಂದಿದ್ದ, ತಮಾಷೆ ನೋಡಲು. ಮುಂದಿನ ಮೇಜಿನ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ ನಿಜಕ್ಕೂ ಇತ್ತು. ಸವರಿದ ಚೀಟಿಗಳನ್ನು ಕಂಡು ಹಾರ್ಸ್‌ಫಾಲ್ ಸಂತೋಷಪಟ್ಟ.

"ನೋಡಿದ್ಯಾ ಥ್ಯಾಕ್ರೇ, ಈಗ ಎಷ್ಟು ಮರ್ಯಾದಸ್ಥ ಕಾಣ್ತಿವೆ! ಆದರೆ ಮಿಕ್ಕಿದ್ದು ಯಾಕೆ ಹಾಗೇ ಇವೆ? ಈ ಮೂರು ಹರಕಲು ಬೇರೆ?"

"ಅವು ಹಾಗೇ ಇರ್ತವೆ," ಎಂದ ಜೇಬೆಜ್. ಈ ಸಲ ಅವನು ದನಿ ತಗ್ಗಿಸಲಿಲ್ಲ. "ಆ ಮೂರನ್ನ ಕತ್ತರಿಸಿದ್ದು ನನ್ನ ಹೆಂಡತಿ. ಇವಳೇ. ಹಂದಿ ಅಲ್ಲ."

ಸುತ್ತ ಇದ್ದವರು ತಿರುಗಿದರು. ಹಾರ್ಸ್‌ಫಾಲ್ ಮುಖ ಕೆಂಪಾಗಿಸಿಕೊಂಡು ಟೋಪಿ ತೆಗೆದ. ಅವನು ಒಳ್ಳೆಯ ಮನೆತನದವನು, ಹೆಂಗಸಿನ ಮನಸ್ಸು ನೋಯಿಸಿದ್ದಕ್ಕೆ ನಿಜವಾಗಿಯೂ ನೊಂದ. ನೊಂದವನು ಜೇಬಿನಿಂದ ಪುಟ್ಟ ಬೆಳ್ಳಿಹಿಡಿಯ ಕತ್ತರಿ ತೆಗೆದು ಮೆಲ್ಲಗೆ ಹೇಳಿದ, "ಕ್ಷಮಿಸಿ ಮಿಸೆಸ್ ಥ್ಯಾಕ್ರೇ. ಅದಕ್ಕೇನು, ಒಂದು ಗಳಿಗೆ ಕೆಲಸ. ನಿಮಗಾಗಿ ನಾನೇ ಸವರಿ ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಕೊಡಿ ಇಲ್ಲಿ," ಎಂದಳು ಕೆಜಾಯಾ.

ಅವಳು ಕತ್ತರಿಯನ್ನು ಎಡಗೈಯಲ್ಲಿ ಇಸಿದುಕೊಂಡಳು. ಯಾರೋ ಹೆಂಗಸು "ಎಡಗೈ!" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಕೆಜಾಯಾ ಚೀಟಿಯನ್ನು ಮುಟ್ಟಲಿಲ್ಲ. ಪೆಟ್ಟಿಗೆಯ ಜೊತೆ ವಾಪಸು ತಂದಿದ್ದ ಚೌಕಗಳ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ದಪ್ಪ ಪುಟಕ್ಕೆ ಕತ್ತರಿ ತೂರಿಸಿ, ಅಚ್ಚುಹಾಕಿದ ಚೌಕವನ್ನೇ ಸುತ್ತಲೂ ಕತ್ತರಿಸತೊಡಗಿದಳು. ಕತ್ತರಿ ಕರಕರ ಅಗಿಯಿತು. ಚೌಕ ಉದುರಿ ಬಿತ್ತು. ಅದರ ಜಾಗದಲ್ಲಿ ಹರಕು ಅಂಚಿನ ದೊಡ್ಡ ಕಿಂಡಿಯಾಯಿತು. ಅವಳು ಉಳಿದ ಮೂರರಲ್ಲಿ ಒಂದು ಚೀಟಿಯನ್ನು ಅದರೊಳಗೆ ಇಟ್ಟಳು. ಅಂಚು ಸಮೇತ ಆರಾಮವಾಗಿ ಕೂತಿತು.

"ಈಗ ಸರಿಹೋಯ್ತು," ಎಂದಳು. "ಮೈ ಕೊಯ್ಯಬಾರದು ಮಿಸ್ಟರ್ ಹಾರ್ಸ್‌ಫಾಲ್. ಅಂಗಿ ಬಿಚ್ಚಿ ಹೊಲೀಬೇಕು. ನಮ್ಮನೆಯವನು ಹೇಳಿದ್ದನ್ನ ಪರದೆ ಹಿಂದೆ ನಾನೂ ಕೇಳಿಸ್ಕೊಂಡಿದ್ದೆ. ಅರ್ಥ ಆಗೋಕೆ ಎರಡು ದಿನ ಹಿಡೀತು, ಅಷ್ಟೇ."

"ಅದು... ಅದು ಸಂಘದ ಪುಸ್ತಕ!" ಎಂದ ಹಾರ್ಸ್‌ಫಾಲ್, ಉಸಿರು ಸಿಕ್ಕಿಕೊಂಡವನಂತೆ.

"ಪುಟದ ಬದಲಿಗೆ ಒಂದು ವೇಸ್ಟ್‌ಕೋಟು ಹೊಲಿದು ಕೊಡ್ತೀನಿ," ಎಂದ ಜೇಬೆಜ್. "ಒಳಗಡೆ ಬಟ್ಟೆ ಬಿಟ್ಟೇ ಹೊಲೀತೀನಿ, ಹೆದರಬೇಡಿ."

ಸೇತ್ ವರ್ಮಲ್ಡ್ ಗಹಗಹಿಸಿ ನಕ್ಕ. ಮಿಕ್ಕವರು ನಗಲಿಲ್ಲ. ಸಂಘದವರು ತಲೆ ಕೂಡಿಸಿ ಮಾತಾಡಿಕೊಂಡು, ನಿಯಮ ಮೀರಿದ ಸಂಗ್ರಹವನ್ನು ಪ್ರದರ್ಶನಕ್ಕೆ ಇಡಲಾಗದು ಎಂದು ತೀರ್ಪು ಕೊಟ್ಟರು. ಕುರ್ಚಿಯನ್ನು ಯಾರೋ ಒಯ್ದರು. ಜೇಬೆಜ್ ಪೆಟ್ಟಿಗೆ ಮುಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅವಳು ಅದನ್ನು ಎಡಗೈಯಲ್ಲಿ ಎತ್ತಿಕೊಂಡಳು, ಇಬ್ಬರೂ ನಡುಬಾಗಿಲಿನಿಂದಲೇ ಹೊರಟರು. ಹಾರ್ಸ್‌ಫಾಲ್ ಸಾಯುವವರೆಗೂ ಅಂಚು ಸವರುವುದೇ ಸರಿ ಎಂದು ನಂಬಿದ್ದ. ಅವನ ಸಂಗ್ರಹ ಬಲು ಲಕ್ಷಣವಾಗಿತ್ತಂತೆ.

ಸೋಮವಾರ ಬೆಳಿಗ್ಗೆ ದರ್ಜಿ ಅಂಗಡಿಯ ಗಾಜಿನ ಕಿಟಕಿಯಲ್ಲಿ ಷರಾಯಿಗಳ ಜಾಗಕ್ಕೆ ಅಂಚೆಚೀಟಿಗಳು ಬಂದಿದ್ದವು. ಕಪ್ಪು ಉಣ್ಣೆಬಟ್ಟೆಯ ಮೇಲೆ ಊರಿನ ಅಂಚುಗಳೆಲ್ಲ ಬಿಳಿಯಾಗಿ ಕಾಣುತ್ತಿದ್ದವು. ನಡುವೆ ಕೆಜಾಯಾಳ ಮೂರು ಹರಕಲು. ಅವುಗಳ ಸುತ್ತ ಸವರಿದ ಚೀಟಿಗಳನ್ನೂ ಇಟ್ಟಿದ್ದ, ಬಚ್ಚಿಡಲಿಲ್ಲ. ನೋಡಿ ನಕ್ಕವರೇ ಹೆಚ್ಚು. ಸೇತ್ ಮಾತ್ರ ಮಧ್ಯಾಹ್ನ ಹಂದಿಮಾಂಸದ ಕಡುಬು ಅಗಿಯುತ್ತಾ ಬಂದವನು ಒಂದು ಚೀಟಿಯ ಮುಂದೆ ನಿಂತು ಅಗಿಯುವುದನ್ನು ನಿಲ್ಲಿಸಿದ. ಅಂಚಿನಲ್ಲಿ ಹಲ್ಲಿನ ಗುರುತು ಸ್ಪಷ್ಟವಾಗಿತ್ತು, ಮುಂದಿನ ಒಂದು ಹಲ್ಲಿನ ಜಾಗ ಖಾಲಿ.

"ಲೋ ಜೇಬೆಜ್, ಇದು ನಮ್ಮಮ್ಮ ಕಣೋ!" ಎಂದ.

"ಹೇಳಿದ್ನಲ್ಲ," ಎಂದ ಜೇಬೆಜ್.

ಸೇತ್ ಆಮೇಲೂ ಅವನನ್ನು ಕತ್ತರಿಗೆ ಹೆದರುವ ದರ್ಜಿ ಎಂದೇ ಕರೆದ. ಊರೂ ಹಾಗೇ ಕರೆಯಿತು. ಎಷ್ಟು ಕರೆದರೆಂದರೆ ಒಂದು ದಿನ ಜೇಬೆಜ್ ರೇಗಿ ಹಳೆಯ ಬೋರ್ಡು ಕಿತ್ತು ಹಾಕಿ, ಹೊಸ ಹಲಗೆ ತರಿಸಿ, ಅದಕ್ಕೆ ಬಿಳಿ ಬಣ್ಣ ಬಳಿದ.

"ಆ ಹೆಸರನ್ನೇ ಬರೆಸ್ತೀನಿ. ಬೀದಿಗೆಲ್ಲ ಕಾಣೋ ಹಾಗೆ. ಇನ್ನು ಯಾರು ಅಣಕಿಸ್ತಾರೋ ನೋಡೋಣ. ಪೇಂಟರನ್ನ ಕರೀತೀನಿ."

"ಪೇಂಟರ್ ಯಾಕೆ?" ಎಂದಳು ಕೆಜಾಯಾ. "ಕುಂಚ ಇಲ್ಲಿ ಕೊಡು. ನೀನು ಸೇತ್ ಅಂಗಡಿ ಹತ್ರ ನಿಂತ್ಕೋ. ಮುಗಿಯೋವರೆಗೂ ಬರಬೇಡ."

ಜೇಬೆಜ್ ಬೀದಿಯ ಆಚೆ ಬದಿಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವಳು ಕೂಗಿದಾಗ ತಿರುಗಿದ. ಬಾಗಿಲ ಮೇಲೆ ಬೋರ್ಡು ತೂಗುತ್ತಿತ್ತು:

ಜೇಬೆಜ್ ಥ್ಯಾಕ್ರೇ, ದರ್ಜಿ. ಕತ್ತರಿಗೆ ಹೆದರುತ್ತಾನೆ.

ಅಕ್ಷರಗಳು ದುಂಡಗಿರಲಿಲ್ಲ. ಎಲ್ಲವೂ ಎಡಕ್ಕೆ ವಾಲಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಒಂದಂತೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಯೇ ನಿಂತಿತ್ತು. ಏಣಿಯ ಮೇಲೆ ಕೆಜಾಯಾ ನಿಂತಿದ್ದಳು. ಎಡಗೈ ಮೊಣಕೈವರೆಗೂ ಕಪ್ಪು ಬಣ್ಣವಾಗಿತ್ತು.

"ಚೆನ್ನಾಗಿದ್ಯಾ?" ಎಂದು ಕೂಗಿದಳು.

ಜೇಬೆಜ್ ನಡುಬೀದಿಯಲ್ಲಿ ನಿಂತು ಓದುತ್ತಿದ್ದ. ಗಾಡಿಯವನೊಬ್ಬ ಬೈದು ಪಕ್ಕಕ್ಕೆ ಸರಿಯಲು ಹೇಳಿದ, ಇವನು ಸರಿಯಲಿಲ್ಲ. ಮದುವೆಗೆ ಮುಂಚೆ ಅಷ್ಟು ಕಾಗದ ಬಂದಿದ್ದರೂ, ಕೆಜಾಯಾ ತನ್ನ ಕೈಯಿಂದ ಅವನಿಗೆ ಬರೆದದ್ದು ಇದೇ ಮೊದಲು.